ಸಾಕ್ಷಿಯ ಬುಟ್ಟಿ

ಸಾಕ್ಷಿ ಹೇಳುವವರು ಯಾರಿದ್ದೀರಿ ಅಂತ ಪಾಸ್ಟರ್ ಕೇಳಿದ ಕೂಡಲೇ ವನಿತಾ ಕೈಯೆತ್ತಿದಳು. ಊರಿಗಾಂನ ಗಣಿ ಕಾರ್ಮಿಕರ ಲೈನಿನಲ್ಲಿ ಎರಡು ಮನೆಗಳ ಮಧ್ಯದ ಗೋಡೆ ಒಡೆದು ಮಾಡಿದ್ದ ಸಭೆಯಲ್ಲಿ ಅರವತ್ತು ಜನ ಒತ್ತಿಕೊಂಡು ಕೂತಿದ್ದರು. ಎಲ್ಲರ ಮುಂದೆ, ಚಾಪೆಯ ಮೇಲೆ, ಮಾರಿಯಮ್ಮ ಮಲಗಿದ್ದಳು. ಚಪ್ಪಲಿ ಕಚ್ಚಿದ ಗಾಯ ಬಲಗಾಲಿನ ಬೆರಳುಗಳನ್ನೆಲ್ಲ ಕಪ್ಪು ಮಾಡಿ ನಾಲ್ಕು ದಿನವಾಗಿತ್ತು. ವಾಸನೆ ಬರದಿರಲಿ ಅಂತ ಪೌಡರ್ ಸುರಿದು ಬಿಳಿ ಬಟ್ಟೆ ಸುತ್ತಿದ್ದರು. ವಾಸನೆ ಬರುತ್ತಲೇ ಇತ್ತು. ಮೂಗೇ ಇಲ್ಲದವರ ಹಾಗೆ ಎಲ್ಲರೂ ಹಾಡಿದ್ದರು.

ಮಾರಿಯಮ್ಮನ ಮಗ ನರೇಶ್ ಬಾಗಿಲಾಚೆ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನು ಸಭೆ ಸೇರದವನು, ಒಳಗೆ ಬಿಡುತ್ತಿರಲಿಲ್ಲ. ಹಿಂದಿನ ಸಂಜೆ ಅವನು ವನಿತಾಳ ಮನೆಗೆ ಬಂದಿದ್ದ. ಫೋನಿನಲ್ಲಿ ಕಾಲಿನ ಫೋಟೊ ನೋಡಿದ ಡಾಕ್ಟರು, ನಾಳೆಯೊಳಗೆ ಕರೆದುಕೊಂಡು ಬರದಿದ್ದರೆ ಜೀವ ಉಳಿಯುವುದಿಲ್ಲ ಅಂದಿದ್ದರು. ಅಮ್ಮ ಮಾತ್ರ ಆಸ್ಪತ್ರೆಗೆ ಬರಲ್ಲ ಅಂತ ಹಟ ಹಿಡಿದಿದ್ದಳು.

"ಅಕ್ಕಾ, ನಿಂಗೆ ಸಕ್ಕರೆ ಕಾಯಿಲೆ ವಾಸಿ ಆಯ್ತಲ್ಲ, ಅದನ್ನೇ ಇಡ್ಕೊಂಡು ಕುಂತವಳೆ. ವನಿತಾಗೆ ಮಾಡಿದ ದೇವ್ರು ನಂಗೆ ಮಾಡಲ್ವಾ ಅಂತಾಳೆ. ನಿಜ ಏಳಕ್ಕ. ನಿಂಗೆ ವಾಸಿ ಆಗೈತಾ?"

ನಾಳೆ ಸಭೆಯಲ್ಲಿ ನೋಡೋಣ ಅಂತ ವನಿತಾ ಬಾಗಿಲು ಹಾಕಿಕೊಂಡಿದ್ದಳು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಪ್ರಾರ್ಥನೆಯಿಂದ ವಾಸಿಯಾದವರು ಮುಂದೆ ಬಂದು ಸಾಕ್ಷಿ ಹೇಳಿ, ತಮ್ಮ ಮಾತ್ರೆ ಶೀಟನ್ನು ಮೇಜಿನ ಮೇಲಿನ ಬುಟ್ಟಿಗೆ ಹಾಕಬೇಕು. ಆಮೇಲೆ ಪಾಸ್ಟರ್ ಒಬ್ಬರೇ ಕೂತು ಒಂದೊಂದು ಶೀಟಿಗೂ ಹೆಸರಿನ ಚೀಟಿ ಪಿನ್ ಹೊಡೆದು, ಬುಟ್ಟಿಗೆ ಬಿಳಿ ಬಟ್ಟೆ ಮುಚ್ಚುತ್ತಿದ್ದರು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ವಾಸಿಯಾಗದವರನ್ನು ವಾರವಾರ ಎಬ್ಬಿಸಿ ನಿಲ್ಲಿಸಿ, ಯಾವ ಪಾಪ ಮುಚ್ಚಿಟ್ಟಿದ್ದೀಯ ಅಂತ ಎಲ್ಲರ ಮುಂದೆ ಕೇಳುತ್ತಿದ್ದರು. ವನಿತಾ ಹಾಗೆ ಎಂಟು ವಾರ ನಿಂತಿದ್ದಳು. ಒಂಬತ್ತನೇ ವಾರ, ನುಂಗಿ ಮುಗಿಸಿದ್ದ ಖಾಲಿ ಶೀಟೊಂದನ್ನು ಕರ್ಚೀಫಿನಲ್ಲಿ ಸುತ್ತಿ ತಂದು ಬುಟ್ಟಿಗೆ ಹಾಕಿ, ವಾಸಿಯಾಯಿತು ಅಂದುಬಿಟ್ಟಳು. ಸಿಕ್ಕಿಬೀಳುತ್ತೇನೆ ಅಂತ ತಿಂಗಳೆಲ್ಲ ನಡುಗಿದಳು. ಪಾಸ್ಟರ್ ಏನೂ ಅನ್ನಲಿಲ್ಲ. ಅವಳು ಸಾಕ್ಷಿ ಹೇಳಿದ ಮುಂದಿನ ವಾರವೇ ಪಕ್ಕದ ಮನೆಯ ಮಾರಿಯಮ್ಮ ಕುಣಿದಾಡಿಕೊಂಡು ಬಂದು ತನ್ನ ಸಕ್ಕರೆ ಕಾಯಿಲೆಯ ಮಾತ್ರೆ ಶೀಟನ್ನೂ ಹಾಕಿ, ಅವತ್ತಿನಿಂದ ಮಾತ್ರೆ ಬಿಟ್ಟಿದ್ದಳು.

ಬಾಯಿ ಬಿಟ್ಟರೆ ಏನಾಗುತ್ತದೆ ಅಂತ ವನಿತಾಗೆ ಗೊತ್ತಿತ್ತು. ಸಭೆಯಿಂದ ಹೊರಗೆ ಹಾಕಿದವರ ಜೊತೆ ಯಾರೂ ಮಾತಾಡಬಾರದು. ಗಂಡ ಸತ್ತಾಗ ಅಕ್ಕಿ ತಂದು, ಮೂರು ದಿನ ಪಕ್ಕದಲ್ಲಿ ಕೂತು ಅತ್ತಿದ್ದವರು ಇದೇ ಜನ. ಮಗಳು ಲಿಖಿತಾಳ ಮದುವೆ ಇದೇ ಸಭೆಯ ಹುಡುಗನ ಜೊತೆ ಬರುವ ತಿಂಗಳಿಗೆ ಗೊತ್ತಾಗಿತ್ತು. ಅವಳು ಅಲ್ಲೇ ಮೂಲೆಯಲ್ಲಿ ಕೀಬೋರ್ಡ್ ಮುಂದೆ ಕೂತಿದ್ದಳು.

"ನಂಗೆ ವಾಸಿ ಆಗಿಲ್ಲ," ಎದ್ದು ಮುಂದೆ ಬಂದು ಅಂದಳು ವನಿತಾ. "ದಿನಾ ಕೆಲಸಕ್ಕೆ ಓಗುವಾಗ, ರೈಲು ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ಮಾತ್ರೆ ನುಂಗ್ತೀನಿ. ಬಂಗಾರಪೇಟೆ ಮೆಡಿಕಲ್‌ನಾಗೆ ತಗೋತೀನಿ. ಇಲ್ಲಿ ತಗೊಂಡ್ರೆ ನೀವ್ಯಾರಾದ್ರೂ ನೋಡ್ತೀರ ಅಂತ."

ಪಾಸ್ಟರ್ ಸಿಟ್ಟಾಗಲಿಲ್ಲ. ನಕ್ಕರು. "ತಂಗಿ, ಮಗಳ ಮದುವೆ ಹತ್ರ ಇಟ್ಕೊಂಡು ಯಾಕಮ್ಮ ಈ ಮಾತು? ಕೂತ್ಕೋ." ಆಮೇಲೆ ಸಭೆಯ ಕಡೆ ತಿರುಗಿ, ಮಾತಾಡುತ್ತಿರುವುದು ಇವಳಲ್ಲ, ಇವಳೊಳಗೆ ಹೊಕ್ಕಿರುವ ಸೈತಾನ, ಅವನನ್ನು ಓಡಿಸಲು ಪ್ರಾರ್ಥಿಸಿ ಅಂದರು. ಲಿಖಿತಾ ತಲೆಯೆತ್ತದೆ ಕೀಬೋರ್ಡ್ ಜೋರು ಮಾಡಿದಳು.

ವನಿತಾ ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಆಸ್ಪತ್ರೆಗೆ ಹೋಗೋಣ, ಏಳು ಅಂತ ಕೈ ಹಿಡಿದಳು. ಮಾರಿಯಮ್ಮ ಕೈ ಕೊಸರಿಕೊಂಡಳು. ಜ್ವರಕ್ಕೆ ಅವಳ ತುಟಿಗಳು ಒಡೆದಿದ್ದವು.

"ಸುಳ್ಳು ಏಳ್ಬೇಡ ಕಣೆ. ನೀನು ಮಾತ್ರೆ ಬುಟ್ಟಿಗಾಕಿದ್ದು ನಾನೇ ಕಣ್ಣಾರೆ ನೋಡಿದ್ದೀನಿ."

ವನಿತಾ ಎದ್ದು ಹೋಗಿ ಬುಟ್ಟಿಯ ಬಟ್ಟೆ ಕಿತ್ತಳು. ಪಾಸ್ಟರ್ ಓಡಿ ಬಂದು ಬುಟ್ಟಿ ಹಿಡಿದರು. ಇಬ್ಬರ ಎಳೆದಾಟದಲ್ಲಿ ಅದು ಮಗುಚಿ ಬಿತ್ತು. ಶೀಟುಗಳೆಲ್ಲ ಸಿಮೆಂಟಿನ ನೆಲದ ಮೇಲೆ ಹರಡಿಕೊಂಡವು. ತನ್ನ ಹೆಸರಿನದನ್ನು ಹುಡುಕಿ ಎತ್ತಿ ತೋರಿಸಬೇಕು ಅಂತ ಬಗ್ಗಿದ ವನಿತಾ ಹಾಗೇ ನಿಂತುಬಿಟ್ಟಳು. ಹಿಂದೆ ಸಾಕ್ಷಿ ಹೇಳಿದ್ದ ಕೋದಂಡಪ್ಪನ ಬಿಪಿ ಮಾತ್ರೆ ಶೀಟು ಖಾಲಿ. ಶ್ಯಾಮಲಾಳ ಉಬ್ಬಸದ್ದು ಖಾಲಿ. ಅಮ್ಮಾಜಮ್ಮನ ಫಿಟ್ಸಿನದೂ ಖಾಲಿ. ಒಡೆದ ಗುಳಿಗಳ ಮೇಲೇ, ಗುಂಡಗಿನ ಅಕ್ಷರದಲ್ಲಿ, ಪಾಸ್ಟರ್ ಬರೆದು ಪಿನ್ ಹೊಡೆದ ಹೆಸರುಗಳು.

ಕೀಬೋರ್ಡ್ ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಮ್ಮಾಜಮ್ಮ ಮೆಲ್ಲಗೆ ಕಾಲು ಚಾಚಿ ತನ್ನ ಶೀಟನ್ನು ಪಾದದಡಿ ಮುಚ್ಚಿಕೊಂಡಳು.

ನರೇಶ್ ಒಳಗೆ ಬಂದ. ಯಾರೂ ತಡೆಯಲಿಲ್ಲ. ಅವನು ಅಮ್ಮನ ಕಂಕುಳಿಗೆ ಕೈ ಹಾಕಿದ, ವನಿತಾ ಕಾಲಿನ ಕಡೆ ಹಿಡಿದಳು. ಈ ಸಲ ಮಾರಿಯಮ್ಮ ಕೊಸರಾಡಲಿಲ್ಲ. ಅವಳ ಕಣ್ಣು ಚಾಪೆಯ ಅಂಚಿಗೆ ಬಂದು ಬಿದ್ದಿದ್ದ ಒಂದು ಶೀಟಿನ ಮೇಲಿತ್ತು. ಹತ್ತಕ್ಕೆ ಹತ್ತು ಬಿಳಿ ಮಾತ್ರೆಗಳೂ ಹಾಗೇ ಇದ್ದವು.

"ನರೇಶಾ," ಅಂದಳು, ಎಲ್ಲರಿಗೂ ಕೇಳುವ ಹಾಗೆ, "ನಂದೊಂದೇ ಏನ್ಲಾ ತುಂಬಿರಾದು?"