ನಾಲ್ಕು ಕಂಪ್ಯೂಟರು, ಒಬ್ಬಳು ವಿದ್ಯಾರ್ಥಿನಿ

“ಒತ್ತು!” ಎಂದ ಅಣ್ಣ.

ತಂಗಿ ಮೌಸಿನ ಮೇಲೆ ಬೆರಳಿಟ್ಟು ಕೂತಿದ್ದಳು. ಪರದೆಯ ಮೇಲೆ ಹೊಸ ಆಪರೇಟಿಂಗ್ ಸಿಸ್ಟಮ್ ಕೊನೆಯ ಸಲ ಕೇಳುತ್ತಿತ್ತು: ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಲೇ?

ಮೂರು ವರ್ಷಗಳಿಂದ ಅಣ್ಣನ ಕಚೇರಿಯ ಕಂಪ್ಯೂಟರುಗಳು ಅಪ್‌ಗ್ರೇಡ್ ಮಾಡಿ, ಅಪ್‌ಗ್ರೇಡ್ ಮಾಡಿ ಎಂದು ಗೋಗರೆಯುತ್ತಿದ್ದವು. ದಿನಕ್ಕೆ ಏನಿಲ್ಲವೆಂದರೂ ಸಾವಿರ ಸಲ. ಸಾವಿರ ಸಲವೂ ಅಣ್ಣ ‘ಆಮೇಲೆ’ ಎಂದು ಒತ್ತಿದ್ದ. ಕಾರಣವಿತ್ತು. ಅವನು ಕಟ್ಟಡಗಳ ಇಂಜಿನಿಯರು; ನಕ್ಷೆ ಬರೆಯುವ ಅವನ ಸಾಫ್ಟ್‌ವೇರ್ ಹೊಸ ಸಿಸ್ಟಮ್ಮಿನಲ್ಲಿ ಓಡುತ್ತಿರಲಿಲ್ಲ. ಮೇಲಾಗಿ ಅದು ಅವನದಲ್ಲ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ತಂಗಿಗೆ ಮೊದಲ ವರ್ಷವೇ ಓದಲಿಕ್ಕೆಂದು ಪುಕ್ಕಟೆ ಸಿಕ್ಕಿದ್ದ ವಿದ್ಯಾರ್ಥಿ ಲೈಸೆನ್ಸ್. ಒಬ್ಬ ವಿದ್ಯಾರ್ಥಿಗೆ ಒಂದೇ ಕಂಪ್ಯೂಟರು ಎಂಬುದು ಕರಾರು. ಅಣ್ಣನ ಕಚೇರಿಯಲ್ಲಿ ಅದು ನಾಲ್ಕರಲ್ಲಿ ದುಡಿಯುತ್ತಿತ್ತು.

ಆ ಸಾಫ್ಟ್‌ವೇರಿಗಿದ್ದ ಅನುಮಾನ ಲೋಕದ ಯಾವ ಅತ್ತೆಗೂ ಇಲ್ಲ. ತಿಂಗಳಿಗೊಮ್ಮೆ ‘ನೀವು ಇನ್ನೂ ವಿದ್ಯಾರ್ಥಿಯೇ?’ ಎಂದು ಕೇಳುವುದು. ತಂಗಿ ಕಾಲೇಜಿನ ಗುರುತಿನ ಚೀಟಿ ಹಿಡಿದು ನಾಲ್ಕು ಕ್ಯಾಮೆರಾಗಳ ಮುಂದೆ ನಾಲ್ಕು ಸಲ ಹಲ್ಲು ಕಿರಿಯುವುದು. ಅದೂ ಸಾಲದೆಂದು ಪ್ರತಿ ನಕ್ಷೆಯ ಅಂಚಿನಲ್ಲೂ ‘ವಿದ್ಯಾರ್ಥಿ ಬಳಕೆಗೆ ಮಾತ್ರ’ ಎಂಬ ಮುದ್ರೆ, ಅದರಡಿ ಅವಳ ಹೆಸರು. ಗಿರಾಕಿಗೆ ಕೊಡುವ ಪ್ರತಿಯಿಂದ ಆ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸುವುದು ಕಚೇರಿಯ ಹಿರಿಯ ನಕ್ಷೆಗಾರ ಸ್ಕೇಲ್ ಮಾಮನ ಕೆಲಸ. ಅವರು ಕತ್ತರಿಸಿದ ಅಂಚುಗಳನ್ನು ಜೋಡಿಸಿದ್ದರೆ ಭೂಮಿಗೆ ಎರಡು ಸುತ್ತು ಬರುತ್ತಿತ್ತು, ಮಿಕ್ಕದ್ದರಲ್ಲಿ ಚಂದ್ರನಿಗೆ ಪಟ್ಟಿ ಕಟ್ಟಬಹುದಿತ್ತು. ಕಚೇರಿಯ ಪ್ರತಿಗಳು ಮಾತ್ರ ಮುದ್ರೆ ಸಮೇತ ಬೀರುವಿನಲ್ಲಿದ್ದವು.

ಈ ದಿನ ಹತ್ತು ಗಂಟೆಗೆ, ಬೀಗ ತೆಗೆಯುತ್ತಿದ್ದಂತೆಯೇ ಫೋನು ಬಂದಿತ್ತು. ಹೆಂಗಸಿನ ದನಿ. ತನಿಖಾ ಅಧಿಕಾರಿಯಂತೆ.

“ನಿಮ್ಮ ಕಂಪ್ಯೂಟರುಗಳನ್ನ ನೋಡ್ಬೇಕು. ಹನ್ನೆರಡಕ್ಕೆ ಅಲ್ಲಿರ್ತೀನಿ. ಹಳೇ ನಕ್ಷೆ ಯಾವ್ದನ್ನೂ ಮುಟ್ಬೇಡಿ, ಇದ್ದ ಹಾಗೇ ಇರ್ಲಿ.”

ಅಣ್ಣನಿಗೆ ಅಷ್ಟೇ ಸಾಕಿತ್ತು. ಹೊರಗಿನಿಂದ ಯಾರೂ ಇಣುಕದಿರಲೆಂದು ಇಂಟರ್ನೆಟ್ಟಿನ ತಂತಿ ಕಿತ್ತ. ತಂಗಿಗೊಂದು ಕರೆ ಮಾಡಿ ಫೋನು ಆರಿಸಿದ. ಎರಡು ಮೈಲಿ ದೂರದ ಕಾಲೇಜಿನಿಂದ ಅವಳು ಎರಡೇ ನಿಮಿಷದಲ್ಲಿ ಓಡಿ ಬಂದಳು.

“ಲೈಸೆನ್ಸ್ ವಿಷ್ಯ ಕಾಲೇಜಿಗೆ ಗೊತ್ತಾದ್ರೆ ನನ್ನ ತೆಗೆದುಹಾಕ್ತಾರೆ ಅಣ್ಣಾ. ಇನ್ನೊಂದೇ ಪರೀಕ್ಷೆ ಬಾಕಿ.”

“ಗೊತ್ತಾದ್ರೆ ತಾನೆ? ಒಂದು ಗೆರೆ ಸಿಗಲ್ಲ ಅವ್ರಿಗೆ. ಬ್ರಹ್ಮ ಬಂದು ಹುಡುಕಿದ್ರೂ ಸಿಗಲ್ಲ. ಒತ್ತು ಅಂದ್ನಲ್ಲ!”

ಅವಳು ಒತ್ತಿದಳು.

ಮೂರು ಕಂಪ್ಯೂಟರುಗಳು ಬೇಗ ಶರಣಾದವು. ನಾಲ್ಕನೆಯದು ಮಹಾ ಹಟಮಾರಿ. ಶೇಕಡಾ ತೊಂಬತ್ತೊಂಬತ್ತಕ್ಕೆ ಬಂದು ಕೂತುಬಿಟ್ಟಿತು. ಆ ಇನ್ನೊಂದಕ್ಕಾಗಿ ಕಾಯುವಷ್ಟರಲ್ಲಿ ಅಣ್ಣನ ತಲೆಯಲ್ಲಿ ಇಪ್ಪತ್ತು ಕೂದಲು ನೆರೆತವು.

“ಮೂರು ವರ್ಷ ಬಾ ಬಾ ಅಂತ ಕರೀತಿತ್ತು. ಈಗ ಹೋದ್ರೆ ಬಾಗಿಲೇ ತೆಗೀತಿಲ್ಲ,” ಎಂದರು ಸ್ಕೇಲ್ ಮಾಮ.

ಬೀರುವಿನ ಪ್ರತಿಗಳನ್ನು ಹರಿದು ಬಕೆಟ್ಟಿನ ನೀರಿಗೆ ಹಾಕಿದರು. ನಡುವೆ ಮಾಮನ ಕೈ ನಿಂತಿತು.

“ಒಂದೊಂದು ಪ್ರತಿ ನಮ್ಮನೇಲಿ ಇಟ್ಕೊಳ್ಲೇನೋ? ಮೂರು ವರ್ಷದ ದುಡಿಮೆ ಕಣೋ.”

“ಒಂದೊಂದರ ಮೇಲೂ ಇವಳ ಹೆಸರಿದೆ ಮಾಮ. ಅದನ್ನ ಇಟ್ಕೊಂಡ್ರೆ ಇವಳ ಕುತ್ತಿಗೆ ಹಿಡ್ಕೊಂಡ ಹಾಗೆ.”

ಮಾಮ ಕೈ ಬಿಟ್ಟರು. ಕಂಬ, ತೊಲೆ, ಮೆಟ್ಟಿಲು, ಎಲ್ಲ ಗಂಜಿಯಾಯಿತು. ಅಷ್ಟೊಂದು ಕಟ್ಟಡಗಳನ್ನು ಅಷ್ಟು ಬೇಗ ಯಾವ ಭೂಕಂಪವೂ ಕೆಡವಿರಲಿಲ್ಲ. ಬ್ಯಾಕಪ್ ಡಿಸ್ಕಿಗೆ ಅಣ್ಣ ಸುತ್ತಿಗೆಯಲ್ಲಿ ಹನ್ನೊಂದು ಏಟು ಕೊಟ್ಟ. ಒಂದು ಸಾಕಿತ್ತು.

ಹನ್ನೆರಡಕ್ಕೆ ಸರಿಯಾಗಿ ಅಧಿಕಾರಿ ಬಂದರು. ಒಬ್ಬರೇ. ಮೊಣಕಾಲಿನವರೆಗೆ ಬಿಳಿ ಧೂಳು, ಕಣ್ಣು ಕೆಂಡ.

“ಹಳೇ ನಕ್ಷೆಗಳೆಲ್ಲಿ?”

“ಯಾವ ನಕ್ಷೆ ಮೇಡಂ? ನೋಡಿ, ಹೊಚ್ಚ ಹೊಸ ಸಿಸ್ಟಮ್. ಈಗ ತಾನೇ ಹುಟ್ಟಿದ ಮಗು ಇದ್ದ ಹಾಗಿದೆ.”

ಅಧಿಕಾರಿ ಪರದೆಯಿಂದ ಪರದೆಗೆ ನಡೆದರು. ಅವರ ಹೆಜ್ಜೆ ನಿಧಾನವಾಯಿತು.

“ಒಂದಾದ್ರೂ ಇರ್ಬೇಕಲ್ವಾ? ಡಿಸ್ಕಲ್ಲಿ? ಕಾಗದದಲ್ಲಿ?”

“ಒಂದೂ ಇಲ್ಲ.”

“ಯೋಚ್ನೆ ಮಾಡಿ ಹೇಳಿ. ಇದ್ರೆ ನಿಮಗೇ ಒಳ್ಳೇದು.”

ಎಂಥ ಬಲೆ! ಅಣ್ಣ ಒಳಗೊಳಗೇ ನಕ್ಕ. ಇಂಥ ಬಲೆಗೆ ಅವನು ನಿದ್ದೆಯಲ್ಲೂ ಬೀಳುವವನಲ್ಲ.

“ಮೇಡಂ, ಈ ಕಂಪ್ಯೂಟರುಗಳಲ್ಲಿ ನಾವು ಯಾವತ್ತೂ ಒಂದು ನಕ್ಷೇನೂ ಬರೆದಿಲ್ಲ. ಬೇಕಾದ್ರೆ ಬರೆದು ಕೊಡ್ತೀನಿ.”

ಬರೆದೂ ಕೊಟ್ಟ. ಅಕ್ಷರ ಮುತ್ತಿನಂತಿತ್ತು. ತಂಗಿ ಎರಡು ಗಂಟೆಗಳಿಂದ ಹಿಡಿದಿದ್ದ ಉಸಿರು ಬಿಟ್ಟಳು. ಅವಳ ಪದವಿ ಉಳಿಯಿತು.

ಅಧಿಕಾರಿ ಆ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿ ಎಳೆದು ಕುಳಿತು, ಚೀಲದಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಕೆಳಗೆ ಅಣ್ಣನ ಸಹಿ.

“ಇವತ್ತು ಬೆಳಿಗ್ಗೆ ಆರಕ್ಕೆ ಈ ಹಾಸ್ಟೆಲ್ ಕುಸೀತು. ಹತ್ತೊಂಬತ್ತು ಹುಡುಗೀರು ಹೋದ್ರು. ನಕ್ಷೇಲಿ ಇದ್ದದ್ದೇ ಹನ್ನೆರಡು ಕಂಬ, ಇಂಜಿನಿಯರ್ ಹೇಳಿದಷ್ಟೇ ಕಟ್ಟಿದೆ ಅಂತಾನೆ ಕಾಂಟ್ರಾಕ್ಟರ್.”

“ಹದಿನಾರು!” ಅಣ್ಣ ಚೀರಿದ. “ನಾನು ಹದಿನಾರು ಕಂಬ ಬರೆದಿದ್ದೆ! ಇದನ್ನ ತಿದ್ದಿದ್ದಾರೆ!”

“ಅಲ್ಲಿಯ ಗಾರೆ ಕೆಲಸದವನೂ ಹಾಗೇ ಹೇಳಿದ. ಅದಕ್ಕೇ ನಿಮ್ಮ ಮೂಲ ಪ್ರತಿ ಹುಡುಕ್ಕೊಂಡು ಬಂದೆ.”

ಅಧಿಕಾರಿ ಖಾಲಿ ಪರದೆಯತ್ತ ನೋಡಿದರು.

“ನಿಮ್ಮನ್ನ ಹಿಡಿಯೋಕಲ್ಲ, ಉಳಿಸೋಕೆ.”