ತುಂಡ್ರಾದ ನರಿ

ಕುಸುಬೆ ಎಣ್ಣೆ ಕಾದ ವಾಸನೆ ಬಂದರೆ ಇಂದಿಗೂ ನಾನು ತಟ್ಟೆ ಬಿಟ್ಟು ಏಳುತ್ತೇನೆ.

ಕಲಬುರಗಿ ಕಡೆಯಿಂದ ಬಂದಿದ್ದ ಅಪ್ಪ ರಬಾಳೆಯ ಕೋಲ್ಡ್ ಸ್ಟೋರೇಜಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದ. ಒಂದು ಮಧ್ಯಾಹ್ನ ಅವ್ವ ಅವನ ಬಿರಿದ ಕೈಗಳಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಪೂರ್ತಿ ಅಂಕ ಬಂದಿದ್ದ ಉತ್ತರಪತ್ರಿಕೆಯನ್ನು ನಾನು ಗಟ್ಟಿಯಾಗಿ ಓದಿದೆ: “ಚಳಿಗಾಲ ಬರುವ ಮುಂಚೆ ತುಂಡ್ರಾದ ನರಿಗೆ ದಟ್ಟ ತುಪ್ಪಳ ಬೆಳೆಯುತ್ತದೆ. ಅಂಗಾಲಿನಲ್ಲೂ ಕೂದಲಿರುತ್ತದೆ.”

“ಪುಣ್ಯಾ ಮಾಡಿದ ನರಿ,” ಅಂದಳು ಅವ್ವ.

ಅಪ್ಪ ನಕ್ಕ. “ಅದಕ್ಕ ಮೈಮ್ಯಾಲ ಬೆಳೀತದ. ನಮಗ ಮುಕಾದಮ ಕೊಡಬೇಕು. ಹತ್ತು ಮಂದಿಗಿ ನಾಕು ಕೋಟು. ಗ್ಲೌಜ್ ಕೇಳಿದ್ರ ಮನೀಗಿ ಹೋಗು ಅಂತಾನ.”

ಅವ್ವನ ಮುಖ ನೋಡುತ್ತಲೇ ಅವನು ನನ್ನತ್ತ ಕೈ ಚಾಚಿದ. ನಾನು ಹೆಮ್ಮೆಯಿಂದ ಉತ್ತರಪತ್ರಿಕೆ ಕೊಟ್ಟೆ.

ಅದು ಜಾರಿ ನೆಲಕ್ಕೆ ಬಿತ್ತು. ಅವ್ವ ತಿಕ್ಕುವುದನ್ನು ನಿಲ್ಲಿಸಿದಳು. ಅದು ಬಿದ್ದದ್ದೇ ಗೊತ್ತಾಗದ ಅಪ್ಪನ ಬೆರಳುಗಳು ಮಾತ್ರ ಇನ್ನೂ ಅದನ್ನು ಹಿಡಿದಂತೆಯೇ ಇದ್ದವು.