ಕೆಂಪು ದೀಪ

ಮೆಕ್ಯಾನಿಕ್ ಸತೀಶಕುಮಾರ ಡಿವಿಡಿ ರೆಕಾರ್ಡರಿನ ಕೊನೆಯ ಸ್ಕ್ರೂ ಬಿಗಿಯುತ್ತಿದ್ದಂತೆ ಶಿವಕಾಂತಾ ಅತ್ತೆಯ ಕಡೆ ತಿರುಗಿದಳು. "ಹಳೇದಕ್ಕ ಯಾಕ ಬಡದಾಡಾಕತ್ತೀರಿ? ಹೊಸಾದೇ ತಗೊಳ್ಳೂಣ್ರಿ ಅತ್ತಿ," ಎಂದು ಮೂರನೇ ಸಲ ಹೇಳಿದಳು. ಹಣಮವ್ವ ಬೆಂಚಿನ ತುದಿಯಲ್ಲಿ ಸೆರಗು ಹಿಂಡುತ್ತ ಕೂತಿದ್ದಳು. ಒಳಗೆ ಸಿಕ್ಕಿಕೊಂಡ ಡಿಸ್ಕಿನಲ್ಲಿ ತೀರಿಹೋದ ಮಾವನ ಏಕತಾರಿ ಭಜನೆ ಇತ್ತು. ನಾಳೆ ಅವರ ಪುಣ್ಯತಿಥಿ. ಅಪ್ಪನ ದನಿ ತಮ್ಮೂರು ಗೊಬ್ಬೂರಿನ ಮಂದಿಗೆಲ್ಲ ಕೇಳಿಸಬೇಕೆಂದು ಗಂಡ ರೇವಣಪ್ಪ ಅತ್ತೆ ಸೊಸೆಯನ್ನು ಅಫಜಲಪುರದ ಈ ಅಂಗಡಿಗೆ ಕಳಿಸಿದ್ದ.

ಆ ಭಜನೆಯ ಮೇಲೆ ಸೀರಿಯಲ್ ರೆಕಾರ್ಡ್ ಆಗಿದೆಯೆಂದು ಶಿವಕಾಂತಾಳಿಗೆ ಗೊತ್ತಿತ್ತು. ಒಂದು ದಿನ ಹೊಲಕ್ಕೆ ಹೊರಡುವ ಅವಸರದಲ್ಲಿ, ಬಂದಮೇಲೆ ನೋಡಿದರಾಯಿತೆಂದು ಅವಳೇ ರೆಕಾರ್ಡಿನ ಗುಂಡಿ ಒತ್ತಿ, ಕೆಂಪು ದೀಪ ಹತ್ತಿದ್ದನ್ನು ನೋಡಿ ಹೋಗಿದ್ದಳು. ಆಮೇಲೆ ಮಷಿನ್ ಕೆಟ್ಟಾಗ, ಸದ್ಯ ಪಾರಾದೆ ಅಂದುಕೊಂಡಿದ್ದಳು.

ಅಂಗಡಿಯ ಟಿವಿ ಪರದೆ ಬೆಳಗಿತು. ಸೀರಿಯಲ್ಲಿನ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಹಣಮವ್ವ ಥಟ್ಟನೆ ಸೊಸೆಯ ಮೊಣಕೈ ಹಿಡಿದಳು. "ನಂದೇ ತಪ್ಪ ಬೇ," ಎಂದಳು ಪಿಸುದನಿಯಲ್ಲಿ. "ಅವತ್ತ ನೀ ಹೊಲಕ್ಕ ಹೋದಾಗ, ಟಿವಿ ಹಚ್ಚಾಕ ಹೋಗಿ ಯಾವ್ದೋ ಗುಂಡಿ ಒತ್ತಿದೆ. ನೋಡಿದ್ರ ಮಷಿನ್‌ದಾಗ ಕೆಂಪು ದೀಪ ಹತ್ತಿತ್ತು. ಅವತ್ತಿಂದ ನನಗ ಸರಿ ನಿದ್ದಿ ಇಲ್ಲ. ಡಿಸ್ಕ್ ಒಳಗೇ ಸುಟ್ಟು ಹೋತಂತ ಹೇಳಿ ಹೊಸಾದೇ ಒಯ್ಯೂಣು. ನಿನ್ನ ಗಂಡಗ ಮಾತ್ರ ಹೇಳಬ್ಯಾಡವಾ."

ಶಿವಕಾಂತಾ ಬಾಯಿ ತೆರೆದಳು. "ಆಯ್ತ್ರಿ ಅತ್ತಿ, ಹೇಳೂದಿಲ್ಲ," ಎಂಬ ಮಾತಷ್ಟೇ ಹೊರಬಂತು.